ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ

(ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಸಂಜೆ ಎಲ್ಲರೂ ಸೇರುತ್ತೇವೆ. ಅಲ್ಲಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ನಡುವೆ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಾಡಲು ಬನ್ನಿ ಎಂದು ಕರೆದಾಗ ನಾನು ಒಂದೇ ಒಂದು ವಿಷಯ ಕೇಳಿಕೊಂಡಿದ್ದೆ. ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಬೇಡ, ಒಂದು ಲೋಟ ಕಾಫಿ ಕೊಟ್ಟರೆ ಸಾಕು ಅಂತ. ನೀವು ಒಪ್ಪಿದಿರಿ, ಅದಕ್ಕೆ ಧನ್ಯವಾದ. ನಾನು 32 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ನಿವೃತ್ತಿಯಾದ ವಾರ ನಮ್ಮ ಮನೆಗೆ 17 ಶಾಲು, 9 ಫಲಕ ಬಂದವು. ಕೊಟ್ಟವರ ಪ್ರೀತಿ ನಿಜವಾದದ್ದು. ಆದರೆ ಆ ಶಾಲು ಚಳಿಗೆ ಹೊದೆಯಲು ಬರುವುದಿಲ್ಲ. ಫಲಕದ ಮೇಲೆ ನನ್ನ ಹೆಸರಿದೆ, ಹಾಗಾಗಿ ಇನ್ನೊಬ್ಬರಿಗೆ ಕೊಡಲೂ ಬರುವುದಿಲ್ಲ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ಒಂದು ಸುತ್ತೋಲೆ ಹೊರಡಿಸಿತ್ತು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಹಣ್ಣಿನ ಬುಟ್ಟಿ, ಶಾಲು, ನೆನಪಿನ ಕಾಣಿಕೆ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ. ಹೂವಿನ ಮಟ್ಟಿಗೆ ನನಗೆ ತಕರಾರಿಲ್ಲ. ಹೂ ಬೆಳೆಯುವವರ ಹೊಟ್ಟೆಪಾಡು ಅದು, ಸಂಜೆಗೆ ಬಾಡಿ ಗೊಬ್ಬರಕ್ಕೆ ಸೇರುತ್ತದೆ. ಫಲಕ ಹಾಗಲ್ಲ, ಬಂದದ್ದು ಹೋಗುವುದೇ ಇಲ್ಲ.

ಈ ವಿಷಯ ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ನನ್ನ ತವರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಅಡಿಕೆ ತೋಟ, ಹೆಂಚಿನ ಮನೆ, ಮೇಲೆ ಉದ್ದಕ್ಕೂ ಅಟ್ಟ. ಅಪ್ಪ ಹೋದ ಮೇಲೆ ಅಮ್ಮ, ಅಣ್ಣ, ಅತ್ತಿಗೆ ಅಲ್ಲಿದ್ದರು. ಕೊನೆಯ ಎರಡು ವರ್ಷ ಅಮ್ಮನಿಗೆ ನಡೆಯಲು ಆಗುತ್ತಿರಲಿಲ್ಲ. ವೀಲ್‌ಚೇರ್ ತಂದೆವು. ಆದರೆ ಅವಳ ಕೋಣೆಯಿಂದ ಜಗಲಿಗೆ ಬರುವ ದಾರಿಯಲ್ಲಿ ಎರಡು ಟ್ರಂಕು, ಒಂದು ಹೊಲಿಗೆ ಮಿಷನ್ನು, ಕೆಟ್ಟುಹೋದ ಗ್ರೈಂಡರು, ಗೋಣಿಚೀಲದಲ್ಲಿ ಕಟ್ಟಿಟ್ಟ ಹಳೆ ಪಾತ್ರೆ. ಗಾಲಿ ತಿರುಗಿಸಲು ಜಾಗವೇ ಇರಲಿಲ್ಲ. ಇವನ್ನೆಲ್ಲ ತೆಗೆಸೋಣ ಅಂದರೆ ಅಮ್ಮನೇ ಬೇಡ ಅನ್ನುತ್ತಿದ್ದಳು. "ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ." ಜಗಲಿಯಲ್ಲಿ ಕೂತು ಮಳೆ ನೋಡುವುದೆಂದರೆ ಅಮ್ಮನಿಗೆ ಪ್ರಾಣ. ಆ ಎರಡು ಮಳೆಗಾಲವನ್ನೂ ಅವಳು ಕೋಣೆಯ ಸಣ್ಣ ಕಿಟಕಿಯಿಂದ ನೋಡಿದಳು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವತ್ತು ನಾವು ಮಕ್ಕಳು ಇನ್ನೊಂದು ಸಲ ಕೂತು, ಸಮಾಧಾನವಾಗಿ ಮಾತಾಡಬೇಕಿತ್ತು.

ಅಮ್ಮ ಹೋದ ಮೇಲೆ ಅಣ್ಣ, ತಂಗಿ, ನಾನು ಸೇರಿ ಅಟ್ಟ ಇಳಿಸಿದೆವು. ನಾಲ್ಕು ದಿನ ಹಿಡಿಯಿತು. ಹಾರ್ಲಿಕ್ಸಿನ ಗಾಜಿನ ಬಾಟಲಿಗಳು 43. ಪ್ಲಾಸ್ಟಿಕ್ ಕವರುಗಳನ್ನೇ ತುರುಕಿದ ಅಕ್ಕಿ ಚೀಲ ಮೂರು. ರವಿಕೆ ಕಣ 61. ಅಣ್ಣನ ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳು ಬಣ್ಣದ ಕಾಗದ ಸುತ್ತಿದ ಹಾಗೇ ಇದ್ದವು. ಒಂದು ಟ್ರಂಕಿನ ತಳದಲ್ಲಿ ಅಮ್ಮನ ರೇಷ್ಮೆ ಸೀರೆ ಸಿಕ್ಕಿತು. ಕಡುಗೆಂಪು, ಹಸಿರು ಅಂಚು. ಅದನ್ನು ಅವಳು ಉಟ್ಟಿದ್ದು ಒಂದೋ ಎರಡೋ ಸಲ. ಒಳ್ಳೆಯ ಕಾರ್ಯಕ್ಕೆ ಉಡೋಣ ಅಂತ ಎತ್ತಿಟ್ಟಿದ್ದಳು. ತಂಗಿ ಬಿಚ್ಚಿದಳು, ಮಡಿಕೆ ಮಡಿಕೆಗೂ ಪರ್ ಎಂದು ಸೀಳಿಕೊಂಡು ಬಂತು. ರೇಷ್ಮೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಹಾಗೇ ಆಗುವುದು. ತಂಗಿ ಆ ಸೀರೆ ತೊಡೆ ಮೇಲಿಟ್ಟುಕೊಂಡು ಅಟ್ಟದ ಮೆಟ್ಟಿಲ ಮೇಲೆ ಅತ್ತಳು. "ಉಟ್ಟು ಹರಿದಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ ಅಕ್ಕಾ" ಅಂದಳು.

ಅಮ್ಮನನ್ನು ದೂರಲು ಇದನ್ನೆಲ್ಲ ಹೇಳುತ್ತಿಲ್ಲ. ಅವಳು ಸಂಸಾರ ಹೂಡಿದ್ದು 1965–66ರ ಬರದ ವರ್ಷಗಳಲ್ಲಿ. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿಯನ್ನು ರೇಷನ್ನಿನಲ್ಲಿ ಕೊಡುತ್ತಿದ್ದ ಕಾಲ. ಸಕ್ಕರೆಗೆ, ಸೀಮೆಎಣ್ಣೆಗೆ ಸಾಲು ನಿಂತವರಿಗೆ ಒಂದು ಗಾಜಿನ ಬಾಟಲಿ ಎಸೆಯಲು ಕೈ ಬರುತ್ತದೆಯೇ? ಒಂದು ಬಾಟಲಿಗೆ ಒಂದು ಬೆಲೆ ಇತ್ತು. ನಿಮ್ಮ ಮನೆಯಲ್ಲಿ ಹಿರಿಯರು ಕವರು ತೊಳೆದು ಒಣಗಿಸಿ ಮಡಿಚಿ ಇಡುತ್ತಿದ್ದರೆ ದಯವಿಟ್ಟು ಬೈಯಬೇಡಿ. ಅವರ ಆ ಬುದ್ಧಿ ಒಳ್ಳೆಯದು. ಕಾಲ ಬದಲಾಗಿ, ಮನೆಗೆ ದಿನಕ್ಕೆ ಐದು ಕವರು ಬರುವ ಹಾಗಾದಾಗ ಅದೇ ಬುದ್ಧಿ ಭಾರವಾಯಿತು, ಅಷ್ಟೇ.

ಮಲೆನಾಡಿನಲ್ಲಿ ಕೂಡಿಡುವುದು ಹೊಸದೇನಲ್ಲ ಅಲ್ವಾ? ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ಸೇರಬೇಕು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಬೆಲ್ಲ, ಬಿಸಿಲಿಗೆ ಹಾಕಿ ಒಣಗಿಸಿದ ಮೆಣಸಿನಕಾಯಿ, ಮಣ್ಣು ಮೆತ್ತಿಟ್ಟ ಹಲಸಿನ ಬೀಜ. ಬಯಲುಸೀಮೆ ಕಡೆ ಜೋಳಕ್ಕೆ ನೆಲದೊಳಗೆ ಹಗೇವು ತೋಡುತ್ತಿದ್ದರು. ಆದರೆ ಆ ಕೂಡಿಡುವುದಕ್ಕೆ ಒಂದು ಕೊನೆ ದಿನ ಇತ್ತು. ಆಷಾಢ, ಶ್ರಾವಣ ಕಳೆದು ದೀಪಾವಳಿ ಬರುವ ಹೊತ್ತಿಗೆ ಹಪ್ಪಳದ ಡಬ್ಬ ಖಾಲಿ. ಸೌದೆ ಕೊಟ್ಟಿಗೆಯ ಆ ಬದಿಯ ಗೋಡೆ ಕಾಣುತ್ತಿತ್ತು. ಈಗ ನಾವು ಕೂಡಿಡುವ ಚಾರ್ಜರಿನ ವೈರಿಗೆ, ಟಿವಿಯ ಖಾಲಿ ರಟ್ಟಿನ ಪೆಟ್ಟಿಗೆಗೆ ಯಾವ ದೀಪಾವಳಿಯೂ ಇಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಹಳೆಯ ಮನೆಗಳಲ್ಲಿ ವಸ್ತು ಒಳಗೆ ಬರುವ ದಾರಿ ಸಣ್ಣದಿತ್ತು, ಹೊರಗೆ ಹೋಗುವ ದಾರಿಗಳು ಬೇಕಾದಷ್ಟಿದ್ದವು. ಒಂದು ಸೀರೆಯನ್ನೇ ನೋಡಿ. ಮೊದಲು ಹಬ್ಬಕ್ಕೆ, ಆಮೇಲೆ ದಿನ ಬಳಕೆಗೆ, ಆಮೇಲೆ ತೋಟದ ಕೆಲಸಕ್ಕೆ. ಮೆತ್ತಗಾದ ಮೇಲೆ ಮಗುವಿನ ತೊಟ್ಟಿಲಿಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ನಾಲ್ಕಾರು ಹಳೆ ಸೀರೆ ಒಂದರ ಮೇಲೊಂದು ಹಾಸಿ, ಕೈಯಲ್ಲಿ ಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಚೂರು ಬಟ್ಟೆಗಳನ್ನು ಕೂಡಿಸಿ ಹೊಲಿಯುವ ಕೌದಿ ನೋಡಿದರೆ ಕಣ್ಣು ತುಂಬುತ್ತದೆ. ಕೌದಿಯೂ ಹರಿದ ಮೇಲೆ ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಅಲ್ಲಿಗೆ ಸೀರೆ ಮುಗಿಯಿತು. ಬಿದಿರಿನ ಬುಟ್ಟಿ, ಮೊರ, ಅಡಿಕೆ ಹಾಳೆ ಇವೆಲ್ಲ ಗೊಬ್ಬರದ ಗುಂಡಿಗೆ. ತಾಮ್ರದ ಪಾತ್ರೆ ತೂತಾದರೆ ಬೆಸುಗೆ, ಹಿತ್ತಾಳೆಗೆ ಕಲಾಯಿ. ಅದೂ ಆಗದಿದ್ದರೆ ತೂಕಕ್ಕೆ ಹಾಕಿ ಹೊಸ ಪಾತ್ರೆ. ನಮ್ಮ ಮನೆಗೆ ಬರುವ ಪಾಲಿಯೆಸ್ಟರ್ ಬಟ್ಟೆ ಹೀರುವುದಿಲ್ಲ, ಅದನ್ನು ನೆಲ ಒರೆಸಲೂ ಇಟ್ಟುಕೊಳ್ಳಲು ಆಗುವುದಿಲ್ಲ. ಮಿಕ್ಸಿ ರಿಪೇರಿಗೆ ಕೊಂಡುಹೋದರೆ ಹೊಸದೇ ತಗೊಳ್ಳಿ ಅನ್ನುತ್ತಾರೆ. ಹೊಸದು ಬರುತ್ತದೆ, ಹಳೆಯದು ಅಟ್ಟ ಹತ್ತುತ್ತದೆ.

ಸ್ಟೀಲು ಪಾತ್ರೆಯ ಕತೆ ಸ್ವಲ್ಪ ಬೇರೆ. ಅದು ಸವೆಯುವುದೇ ಇಲ್ಲ, ಒಡೆಯುವುದೂ ಇಲ್ಲ. ನಮ್ಮಲ್ಲಿ ಪಾತ್ರೆ ಕೊಡುವಾಗ ಅದರ ಮೇಲೆ ಹೆಸರು ಕೆತ್ತಿಸುವ ರೂಢಿ. ಇಂಥವರ ಮದುವೆಗೆ ಇಂಥವರಿಂದ, ಇಂಥ ತಾರೀಕು. ನಮ್ಮ ಅಟ್ಟದಲ್ಲಿ ಇಳಿಸಿದ 28 ತಟ್ಟೆಗಳಲ್ಲಿ ಹೆಚ್ಚಿನವಕ್ಕೆ ಹೆಸರಿತ್ತು. ಕೆತ್ತಿದ ಹೆಸರಿನವರಲ್ಲಿ ಅರ್ಧ ಜನ ಈಗಿಲ್ಲ. ಆ ತಟ್ಟೆ ಕೊಡಲು ಹೋದರೆ ಮನುಷ್ಯರನ್ನೇ ಹೊರಗೆ ಕಳಿಸಿದ ಹಾಗೆ ಅನ್ನಿಸುತ್ತದೆ. ನಾನು ಒಂದು ತಟ್ಟೆ ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದೆ. ಅದು ನಮ್ಮ ಸೋದರತ್ತೆ ಕೊಟ್ಟಿದ್ದು.

ಹಿಂದೆ ಮುಯ್ಯಿ ಹುಟ್ಟಿದ್ದು ಎಷ್ಟು ಒಳ್ಳೆಯ ಕಾರಣಕ್ಕೆ! ಹೊಸ ಸಂಸಾರ, ಮನೆಯಲ್ಲಿ ಏನೂ ಇಲ್ಲ. ಊರವರು ತಲಾ ಒಂದು ಪಾತ್ರೆ, ಒಂದಿಷ್ಟು ದುಡ್ಡು ಕೊಟ್ಟರೆ ಒಲೆ ಹೂಡಲು ಸಾಕಾಗುತ್ತಿತ್ತು. ಯಾರು ಏನು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಕಾರ್ಯಕ್ಕೆ ತಿರುಗಿ ಕೊಡುತ್ತಿದ್ದರು. ಈಗ ಮದುವೆಯಾಗುವ ಹೊತ್ತಿಗೆ ಹುಡುಗ ಹುಡುಗಿ ಇಬ್ಬರ ಮನೆಯಲ್ಲೂ ಎಲ್ಲ ಇರುತ್ತದೆ. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪುವುದಿಲ್ಲ. ಅರಿಶಿನ ಕುಂಕುಮಕ್ಕೆ ಕೊಡುವ ರವಿಕೆ ಕಣವೂ ಹಾಗೇ. ಒಬ್ಬರು ನನಗೆ ಕೊಡುತ್ತಾರೆ, ನಾನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಮನೆಯಿಂದ ಮನೆಗೆ ತಿರುಗುತ್ತದೆ, ಯಾರೂ ಹೊಲಿಸುವುದಿಲ್ಲ. ತೆಳ್ಳಗಿನ ಬಟ್ಟೆ, ಯಾವ ಸೀರೆಗೂ ಹೊಂದುವುದಿಲ್ಲ. ಕೊಡುವ ಶಾಸ್ತ್ರ ಚೆಂದ, ಅದು ಹೋಗಬಾರದು. ನಾನೀಗ ಮನೆಗೆ ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ತೆಂಗಿನಕಾಯಿ, ಹೂವು, ಒಂದು ಪೊಟ್ಟಣ ಸಾರಿನ ಪುಡಿ ಕೊಡುತ್ತೇನೆ. ಪುಡಿ ಎರಡು ವಾರದಲ್ಲಿ ಖರ್ಚಾಗುತ್ತದೆ. ಹದ ಹೇಗಿತ್ತು ಅಂತ ಫೋನೂ ಬರುತ್ತದೆ.

ಮನೆಗೆ ಬರುವುದನ್ನು ಬಾಗಿಲಲ್ಲೇ ತಡೆಯುವ ವಿಷಯಕ್ಕೆ ಬಂದರೆ ನನಗೆ ಮೊದಲು ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಎಂಟು ನೂರು ವರ್ಷಕ್ಕೂ ಹಿಂದಿನ ಮಾತು. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಗಂಡ ಹೆಂಡತಿ, ಮಾರಯ್ಯ ಮತ್ತು ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಅಡುಗೆ, ಅದರಲ್ಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಎಂದು ಕೇಳಿದಳು, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು.

ಅವಳದು ಬಡವರ ಮನೆ. ಒಂದು ಹಿಡಿ ಅಕ್ಕಿ ಉಳಿದರೆ ನಾಳೆಗೆ ಆಗುತ್ತಿತ್ತು. ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ ಅಂದುಕೊಳ್ಳಲು ಅವಳಿಗಿಂತ ಹೆಚ್ಚು ಕಾರಣ ಯಾರಿಗಿತ್ತು ಹೇಳಿ? ಶಾಲೆಯಲ್ಲಿ ಈ ಪಾಠ ಮಾಡುವಾಗ ನಾನು ಕಾಯಕ, ದಾಸೋಹ ಎಂದು ವಿವರಿಸಿ ಮುಂದೆ ಹೋಗುತ್ತಿದ್ದೆ. ಅಮ್ಮನ ಅಟ್ಟ ಇಳಿಸಿದ ಮೇಲೆಯೇ ಆ ಹೆಂಗಸು ಎಷ್ಟು ಗಟ್ಟಿಗಿತ್ತಿ ಅನ್ನುವುದು ಅರ್ಥವಾಗಿದ್ದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ಮಕ್ಕಳು ಬೆಂಗಳೂರಿನಲ್ಲಿ ಸಾವಿರ ಚದರ ಅಡಿಯ ಮನೆಗೆ ತಿಂಗಳಿಗೆ 24,000 ಬಾಡಿಗೆ ಕೊಡುತ್ತಾರೆ ಅಂದುಕೊಳ್ಳಿ. ಅದರಲ್ಲಿ ಹತ್ತಡಿ ಅಗಲ ಹತ್ತಡಿ ಉದ್ದದ ಒಂದು ಕೋಣೆ ಬರೀ ಸಾಮಾನಿಗೆ ಹೋಗಿದೆ. ನೂರು ಚದರ ಅಡಿ. ಎಂದರೆ ತಿಂಗಳಿಗೆ 2,400, ವರ್ಷಕ್ಕೆ 28,800 ರೂಪಾಯಿ ಆ ಸಾಮಾನಿನ ಬಾಡಿಗೆ. ಆ ಕೋಣೆಯಲ್ಲಿರುವುದನ್ನೆಲ್ಲ ಗುಜರಿಗೆ ಹಾಕಿದರೆ ಅಷ್ಟು ಬರುತ್ತದೆಯೇ? ಸ್ವಂತ ಮನೆಯವರೂ ಇದೇ ಲೆಕ್ಕ ಹಾಕಬಹುದು, ಬಾಡಿಗೆಯ ಬದಲು ಕಂತು.

ಹಾಗಂತ ಎಲ್ಲ ಎತ್ತಿ ಬೀದಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಮನೆಯಿಂದ ಹೊರಗೆ ಹೋದದ್ದು ಇನ್ನೊಬ್ಬರ ಮನೆ ಮುಂದೆ ಬೀಳುತ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಪಕ್ಕ ಸುರಿದರು. ನೀರು ಕೆಟ್ಟಿತು, ನಾತ, ನೊಣ, ಕಾಯಿಲೆ. ಮಂಡೂರಿನ ಜನ ರಸ್ತೆಗಿಳಿದು ಲಾರಿ ತಡೆದರು. 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಆ ಹೋರಾಟದ ದಿನಗಳಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿ ಅನ್ನುವ ಮಾತು ಬೆಂಗಳೂರಿನ ಮನೆ ಮನೆಗೂ ಬಂದಿದ್ದು. ಹಾಗಾಗಿ ಅಟ್ಟ ಇಳಿಸುವ ಮೊದಲು ಏನು ಎಲ್ಲಿಗೆ ಹೋಗಬೇಕು ಅಂತ ಗೊತ್ತುಮಾಡಿಕೊಳ್ಳಿ. ಪೇಪರು, ಕಬ್ಬಿಣ, ಬಾಟಲಿ ರದ್ದಿ ಅಂಗಡಿಗೆ. ಹಳೆ ಮೊಬೈಲು, ವೈರು, ಬ್ಯಾಟರಿಯನ್ನು ಬೇರೆಯಾಗಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಉಬ್ಬಿದ ಬ್ಯಾಟರಿ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಹೋಗಲಿ, ಅದಕ್ಕೆ ಬೆಂಕಿ ಹತ್ತುತ್ತದೆ.

ದಾನದ ಬಗ್ಗೆ ಒಂದು ಮಾತು, ಇದು ನನಗೆ ತುಂಬಾ ಮುಖ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾವು ಮಕ್ಕಳಿಂದ ಬಟ್ಟೆ ಕೂಡಿಸಿದೆವು. ಎರಡು ಕೋಣೆ ತುಂಬಿತು. ಬಿಚ್ಚಿ ಬೇರೆ ಮಾಡಲು ಕೂತರೆ ಹರಿದ ಅಂಗಿ, ಬೆವರಿನ ಕಲೆ, ಗುಂಡಿ ಇಲ್ಲದ್ದು, ಒಂಟಿ ಕಾಲುಚೀಲ. ಮನೆ ಮಠ ಕಳೆದುಕೊಂಡವರಿಗೆ ಕಳಿಸುವಂಥದ್ದು ಅರ್ಧವೂ ಇರಲಿಲ್ಲ. ಜನ ಕೆಟ್ಟವರಲ್ಲ, ಕೊಡಬೇಕೆಂಬ ಮನಸ್ಸಿತ್ತು. ಜೊತೆಗೆ ಬೀರು ಖಾಲಿಯಾಗಲಿ ಎಂಬ ಆಸೆಯೂ ಸೇರಿಕೊಂಡಿತ್ತು. ಅವತ್ತಿನಿಂದ ನನ್ನ ಅಳತೆ ಒಂದೇ. ನನ್ನ ತಂಗಿ ಮನೆಗೆ ಬಂದರೆ ಇದನ್ನು ಅವಳಿಗೆ ಉಡಲು ಕೊಡುತ್ತೇನೆಯೇ? ಹೌದಾದರೆ ಒಗೆದು, ಇಸ್ತ್ರಿ ಮಾಡಿ ಬೇರೆಯವರಿಗೆ ಕೊಡುತ್ತೇನೆ. ಇಲ್ಲವಾದರೆ ಕತ್ತರಿಸಿ ಒರೆಸುವ ಬಟ್ಟೆ. ಪುಸ್ತಕಗಳನ್ನೂ ಹಾಗೇ ಆರಿಸಿ ಹಳ್ಳಿಯ ಅರಿವು ಕೇಂದ್ರಕ್ಕೆ ಕೊಟ್ಟೆವು. ಹತ್ತು ವರ್ಷ ಹಳೆಯ ಗೈಡು ಅಲ್ಲಿಗೂ ಬೇಡ.

ಎಲ್ಲಿಂದ ಶುರು ಮಾಡುವುದು ಅಂತ ತುಂಬಾ ಜನ ಕೇಳುತ್ತಾರೆ. ನಾನು ಅನ್ನುವುದು, ಕಾಲು ಓಡಾಡುವ ಜಾಗದಿಂದ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿ, ಗ್ಯಾಸ್ ಒಲೆಯ ಸುತ್ತ, ತೆಗೆಯಲು ಬಾರದ ಹಾಗೆ ಮುಂದೆ ಸಾಮಾನು ಪೇರಿಸಿದ ಕಿಟಕಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದಕ್ಕೆ ಕಾಯಬೇಡಿ, ನಾಳೆಯೇ ಮಾಡಿ. ಆಮೇಲೆ ನಿಮ್ಮ ಸ್ವಂತ ಬೀರು. ಗಂಡನ ಪೇಪರು, ಅತ್ತೆಯ ಡಬ್ಬ ಮುಟ್ಟಬೇಡಿ, ಅವರ ವಸ್ತು ಅವರದು. ನಮ್ಮವರು ಹಳೆ ಸ್ಕೂಟರಿನ ಬಿಡಿಭಾಗ ತುಂಬಿದ ಎರಡು ಡಬ್ಬ ಇಟ್ಟುಕೊಂಡಿದ್ದರು. ನಾನು ನನ್ನ ಬೀರು ಖಾಲಿ ಮಾಡಿದ ಆರು ತಿಂಗಳಿಗೆ ಅವರೇ ಒಂದು ಡಬ್ಬ ಮೆಕ್ಯಾನಿಕ್ಕಿಗೆ ಕೊಟ್ಟು ಬಂದರು. ಇನ್ನೊಂದು ಇದೆ, ಇರಲಿ.

ಬೇಕೋ ಬೇಡವೋ ತಿಳಿಯದ್ದನ್ನು ಯುಗಾದಿಯ ಹೊತ್ತಿಗೆ ಒಂದು ಚೀಲದಲ್ಲಿ ಕಟ್ಟಿ, ತಾರೀಕು ಬರೆದಿಡಿ. ದೀಪಾವಳಿಗೆ ನೀರು ತುಂಬುವ ಹಬ್ಬದ ಹಿಂದಿನ ವಾರ ನೋಡಿ. ನಡುವೆ ಬಿಚ್ಚದೇ ಇದ್ದರೆ ಕೊಟ್ಟುಬಿಡಿ. ಆಗ ಹೇಳಿದೆನಲ್ಲ ಕೊನೆ ದಿನ, ಅದು ಇದೇ. ಅಂದ ಹಾಗೆ, ಸಾಮಾನು ಜೋಡಿಸಲು ಹೊಸ ಪ್ಲಾಸ್ಟಿಕ್ ಪೆಟ್ಟಿಗೆ ಕೊಳ್ಳುವುದು ಬೇಡವೇ ಬೇಡ. ಪೆಟ್ಟಿಗೆ ಬಂದರೆ ತುಂಬಲು ಸಾಮಾನೂ ಬರುತ್ತದೆ.

ದಸರಾ ಗೊಂಬೆ ಇರುವವರು ಆಗಲೇ ನನ್ನ ಮುಖ ನೋಡುತ್ತಿದ್ದೀರಿ. ವರ್ಷದಲ್ಲಿ ಹನ್ನೊಂದು ತಿಂಗಳು ಪೆಟ್ಟಿಗೆಯಲ್ಲಿ, ಹತ್ತು ದಿನ ಹೊರಗೆ. ಅವನ್ನು ತೆಗೆಯಬೇಡಿ! ಪ್ರತಿ ವರ್ಷ ತಪ್ಪದೆ ಬಿಚ್ಚುತ್ತೀರಿ, ಒರೆಸುತ್ತೀರಿ, ಮಕ್ಕಳನ್ನು ಕರೆದು ತೋರಿಸುತ್ತೀರಿ. ಬಳಕೆ ಅಂದರೆ ಅದೇ.

ಇನ್ನು ನಮ್ಮ ಬಡಾವಣೆಗೆ ಒಂದು ಕೋರಿಕೆ. ಹಳ್ಳಿಯಲ್ಲಿ ನೂರು ಜನಕ್ಕೆ ಅಡುಗೆ ಮಾಡುವ ಕಡಾಯಿ, ಹಂಡೆ ಪ್ರತಿ ಮನೆಯಲ್ಲೂ ಇರುತ್ತಿರಲಿಲ್ಲ. ದೇವಸ್ಥಾನದಲ್ಲಿ ಇರುತ್ತಿದ್ದವು. ಮದುವೆ, ಮುಂಜಿ ಇದ್ದವರು ಒಯ್ದು, ತೊಳೆದು ವಾಪಸ್ ಇಡುತ್ತಿದ್ದರು. ನಮ್ಮ ರಸ್ತೆಯಲ್ಲಿ 22 ಮನೆ. ಎಷ್ಟು ಏಣಿ ಇವೆ ಅಂತ ಹೋದ ವಾರ ಕೇಳಿದೆ, 14 ಇದ್ದವು. ಎರಡು ಸಾಕು. ಗೋಡೆಗೆ ತೂತು ಹಾಕುವ ಡ್ರಿಲ್ಲು ಒಂದು ಸಾಕು. ದೊಡ್ಡ ಇಡ್ಲಿ ಪಾತ್ರೆ, ಮಡಚುವ ಮಂಚ, ವೀಲ್‌ಚೇರು ಇವನ್ನೆಲ್ಲ ಒಂದು ಕಡೆ ಇಟ್ಟು ಪುಸ್ತಕದಲ್ಲಿ ಬರೆದು ಕೊಡೋಣ. ಅಮ್ಮನ ವೀಲ್‌ಚೇರನ್ನು ನಾನು ಮೊದಲು ಕೊಡುತ್ತೇನೆ. ಗಾಲಿಗೆ ಎಣ್ಣೆ ಹಾಕಿಸಿಟ್ಟಿದ್ದೇನೆ.

ಮಾತು ಮುಗಿದ ಮೇಲೆ ಕಾಫಿ ಬಂತು, ಪ್ರಶ್ನೆಗಳೂ ಬಂದವು. ಒಂದನ್ನು ಇಲ್ಲಿ ಬರೆಯಲೇಬೇಕು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ಅವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಸೀರೆಗಳೆಲ್ಲ ಬೀರುವಿನಲ್ಲಿ ಹಾಗೇ ಇವೆ. "ಮಗ ಕೊಟ್ಟುಬಿಡೋಣ ಅಂತಾನೆ ಮೇಡಂ. ನಾನು ದಿನಾ ಬಾಗಿಲು ತೆಗೆದು ನೋಡ್ತೀನಿ. ಇದೂ ಬೇಡದ ಸಾಮಾನೇನಾ?"

ಅಲ್ಲ ಎಂದೆ. ನೀವು ದಿನಾ ನೋಡುತ್ತೀರಲ್ಲ, ಇರಲಿ ಎಂದೆ. ಮಗನಿಗೆ ಹಾಗೇ ಹೇಳಿ, ನಿಮಗೆ ಸಾಕು ಅನ್ನಿಸಿದ ದಿನ ನೀವೇ ತೆಗೆಯಿರಿ. ಆಮೇಲೆ ಅಮ್ಮನ ನೂಲಿನ ಸೀರೆಗಳನ್ನು ಏನು ಮಾಡಿದೆವು ಅಂತ ಹೇಳಿದೆ. ಹಾವೇರಿ ಕಡೆಯ ಒಬ್ಬ ಅಜ್ಜಿ ಅವನ್ನು ಕೌದಿ ಮಾಡಿಕೊಟ್ಟರು. ಒಂದು ಮೂಲೆಯಲ್ಲಿ ಆ ಕಡುಗೆಂಪು ರೇಷ್ಮೆಯ ಸೀಳದೆ ಉಳಿದ ತುಂಡೊಂದನ್ನು ಸೇರಿಸಿದ್ದಾರೆ. ಮಳೆಗಾಲದಲ್ಲಿ ತಂಗಿ ಅದನ್ನೇ ಹೊದೆಯುತ್ತಾಳೆ.

ಅವರು ಜೇಬಿನಿಂದ ಸಣ್ಣ ಪುಸ್ತಕ, ಪೆನ್ನು ತೆಗೆದರು.

"ಒಂದು ಕೌದಿಗೆ ಎಷ್ಟು ಸೀರೆ ಬೇಕಾಗುತ್ತೆ ಮೇಡಂ?"

"ನಮ್ಮದಕ್ಕೆ ಆರು ಹಿಡಿದಿತ್ತು" ಎಂದೆ. ಅವರು ಬರೆದುಕೊಂಡರು.